ಹೊಸ ವಾಷಿಂಗ್ ಮಷಿನ್ ಮೊದಲ ದಿನದಿಂದಲೇ ಸದ್ದು ಮಾಡುತ್ತಿದೆ: ರಿಪೇರಿಗೆ ಒಪ್ಪಬೇಕಾ, ಬದಲಿ ಕೇಳಬೇಕಾ?

ಸಕಲೇಶಪುರದ ಮಗಳು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳದೆ ಓದಿ.

ಅಮ್ಮ, ಅಪ್ಪ ಇರುವುದು ಸಕಲೇಶಪುರದಿಂದ ಒಳಗೆ, ತೋಟದ ಮನೆಯಲ್ಲಿ. ನಾನು ಹಾಸನದಲ್ಲಿ ಕೆಲಸದಲ್ಲಿದ್ದೇನೆ. ಜೂನ್ ಬಂತು ಅಂದರೆ ಅಲ್ಲಿ ಬಟ್ಟೆ ಒಣಗಿಸುವುದೇ ಒಂದು ಪಾಡು. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ನೇತುಹಾಕಿದರೂ ತೇವ ಹೋಗುವುದಿಲ್ಲ, ಒಣಗಿದರೂ ಹೊಗೆ ವಾಸನೆ. ಅಮ್ಮನಿಗೆ ಕೈ ನೋವು ಬೇರೆ, ಬೆಡ್‌ಶೀಟ್ ಎಲ್ಲಾ ಹಿಂಡಲು ಆಗುವುದಿಲ್ಲ. ಅದಕ್ಕೇ ಚೆನ್ನಾಗಿ ಹಿಂಡಿ ಕೊಡುವ ಮಷಿನ್ ಬೇಕು ಅಂತ ಹಾಸನದ ಒಂದು ಅಂಗಡಿಯಲ್ಲಿ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ತೆಗೆದುಕೊಂಡೆ. ಮೂವತ್ತು ಸಾವಿರದ ಮೇಲಾಯಿತು. ಪೂರ್ತಿ ದುಡ್ಡು ಕೊಟ್ಟಿದ್ದೇನೆ. ಅಂಗಡಿ ಹೆಸರು, ಕಂಪನಿ ಹೆಸರು ಬರೆಯುತ್ತಿಲ್ಲ, ಇನ್ನೂ ಮಾತುಕತೆ ನಡೆಯುತ್ತಿದೆ.

ಕಂಪನಿಯ ಹುಡುಗನೇ ಬಂದು ಫಿಟ್ ಮಾಡಿದ. ಖಾಲಿ ಡ್ರಮ್ ಸ್ವಲ್ಪ ಹೊತ್ತು ತಿರುಗಿಸಿ ತೋರಿಸಿ, ಮೊಬೈಲ್‌ನಲ್ಲಿ ಓಟಿಪಿ ತೆಗೆದುಕೊಂಡು ಹೊರಟ. ಅವತ್ತು ಸಂಜೆ ಅಮ್ಮ ಬಟ್ಟೆ ಹಾಕಿದರು. ಒಗೆಯುವಾಗ ಪರವಾಗಿಲ್ಲ. ಹಿಂಡಲು ಶುರುವಾದ ಮೇಲೆ ಗರಗರ ಅಂತ ಸದ್ದು, ಅದು ಏರುತ್ತಾ ಏರುತ್ತಾ ಪಕ್ಕದ ಕೋಣೆಯಲ್ಲಿ ಟಿವಿ ಕೇಳಿಸದಷ್ಟು ಜೋರಾಯಿತು. ಅಮ್ಮ ಹೆದರಿ ಸ್ವಿಚ್ ಆಫ್ ಮಾಡಿಬಿಟ್ಟರು.

ಅಂಗಡಿಗೆ ಫೋನ್ ಮಾಡಿದರೆ ಕಂಪನಿಗೆ ಹೇಳಿ ಅಂದರು. ಕಂಪನಿಯ ಕಸ್ಟಮರ್ ಕೇರ್‌ನವರು ಹೇಳಿದ್ದು: "ಹೊಸದರಲ್ಲಿ ಹಾಗೇ ಮೇಡಂ, ಸ್ವಲ್ಪ ದಿನ ಓಡಿಸಿ, ಸೆಟ್ ಆಗುತ್ತದೆ." ಸೆಟ್ ಆಗಲಿಲ್ಲ. ಮತ್ತೆ ಮತ್ತೆ ಹೇಳಿದ ಮೇಲೆ ಇನ್ನೊಬ್ಬ ಹುಡುಗ ಬಂದು ನೋಡಿ, ಡ್ರಮ್ ನಯವಾಗಿ ತಿರುಗಲು ಆಧಾರವಾಗಿರುವ ಬೇರಿಂಗ್ ಹೋಗಿರಬಹುದು, ಪಾರ್ಟ್ ತರಿಸಿ ಬಿಚ್ಚಿ ಹಾಕಿಕೊಡುತ್ತೇವೆ, ವಾರಂಟಿಯಲ್ಲಿದೆ, ಒಂದು ರೂಪಾಯಿ ಖರ್ಚಿಲ್ಲ ಅಂದ. ಏನೋ ದೊಡ್ಡ ಉಪಕಾರ ಮಾಡುವ ಹಾಗೆ ಹೇಳಿದ.

ನನಗೆ ಕೋಪ ಬಂದಿರುವುದು ಇಲ್ಲೇ. ಎರಡು ವರ್ಷ ಬಳಸಿದ ಮೇಲೆ ಕೆಟ್ಟರೆ ರಿಪೇರಿ ಸರಿ, ಒಪ್ಪುತ್ತೇನೆ. ಮೊದಲ ಸಲ ಬಟ್ಟೆ ಹಾಕಿದ ದಿನವೇ ಸರಿ ಇಲ್ಲದ ಮಷಿನ್ನನ್ನು ಬಿಚ್ಚಿ, ಜೋಡಿಸಿ, ಇದೇ ನಿಮ್ಮ ಹೊಸ ಮಷಿನ್ ಅಂತ ಯಾಕೆ ಒಪ್ಪಿಕೊಳ್ಳಬೇಕು? ಆಫೀಸಿನಲ್ಲಿ ಹೇಳಿಕೊಂಡರೆ ಎಲ್ಲರೂ "ಈಗ ಎಲ್ಲಾ ಹೀಗೇ ಕಣೆ, ಅಡ್ಜಸ್ಟ್ ಮಾಡಿಕೋ" ಅನ್ನುತ್ತಾರೆ. ಡಬ್ಬ ಬಿಚ್ಚಿದ ತಕ್ಷಣ ವಸ್ತು ಸರಿಯಾಗಿ ಕೆಲಸ ಮಾಡಬೇಕು ಅಂತ ಕೇಳುವುದು ಅಷ್ಟು ಜಾಸ್ತಿ ಆಯಿತಾ?

ರಿಪೇರಿಗೆ ಒಪ್ಪಲಾ? ಬದಲಿ ಕೇಳಿದರೆ ಕೊಡುತ್ತಾರಾ? ಗೊತ್ತಿರುವವರು ಹೇಳಿ.

ಬೇಲೂರು ರಿಪೇರಿ:

ಅಕ್ಕ, ನಾನು ಮೊದಲು ಒಂದು ಸರ್ವಿಸ್ ಸೆಂಟರ್‌ನಲ್ಲಿದ್ದೆ, ಈಗ ಬೇಲೂರಿನಲ್ಲಿ ಸ್ವಂತ ಕೆಲಸ. ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಫ್ರಂಟ್ ಲೋಡ್ ಮಷಿನ್ ಹಿಂಭಾಗದಲ್ಲಿ ಟ್ರಾನ್ಸಿಟ್ ಬೋಲ್ಟ್ ಅಂತ ಉದ್ದನೆಯ ಬೋಲ್ಟ್‌ಗಳಿರುತ್ತವೆ, ಸಾಮಾನ್ಯವಾಗಿ ಮೂರೋ ನಾಲ್ಕೋ. ಒಳಗಿನ ತೊಟ್ಟಿ ಸ್ಪ್ರಿಂಗ್ ಮೇಲೆ ತೂಗಾಡುತ್ತಿರುತ್ತದೆ, ಲಾರಿಯಲ್ಲಿ ಕುಲುಕಾಡಿ ಹಾಳಾಗದಿರಲಿ ಅಂತ ಕಾರ್ಖಾನೆಯಲ್ಲಿ ಅದನ್ನು ಬಿಗಿದು ಕಳಿಸುತ್ತಾರೆ. ಓಡಿಸುವ ಮೊದಲು ಅಷ್ಟನ್ನೂ ತೆಗೆಯಲೇಬೇಕು. ಒಂದು ಉಳಿದರೂ ಹಿಂಡುವಾಗ ಮಷಿನ್ ಇಡೀ ಬಚ್ಚಲು ಸುತ್ತುತ್ತದೆ. ಹಿಂದೆ ನೋಡಿ, ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರೆ ಬೋಲ್ಟ್ ತೆಗೆದಿದ್ದಾರೆ ಅಂತ ಅರ್ಥ.

ಆದರೆ ನೀವು ಹೇಳಿದ್ದು ಕುಣಿತದ ವಿಷಯ ಅಲ್ಲ, ಸದ್ದಿನ ವಿಷಯ. ಎರಡೂ ಬೇರೆ. ಬೋಲ್ಟ್ ಉಳಿದಿದ್ದರೆ, ಅಥವಾ ಕಾಲು ಮಟ್ಟ ಇಲ್ಲದಿದ್ದರೆ ದಡದಡ ಅಂತ ಬಡಿಯುತ್ತದೆ. ಬೇರಿಂಗ್ ಹೋಗಿದ್ದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನೀರಿಲ್ಲದೆ ಓಡಿಸಿದ ಹಾಗೆ ಒಂದೇ ಸಮನೆ ಕೊರೆಯುವ ಸದ್ದು, ವೇಗ ಏರಿದ ಹಾಗೆ ಅದೂ ಏರುತ್ತದೆ. ಪತ್ತೆ ಮಾಡುವುದು ಸುಲಭ. ಪ್ಲಗ್ ಕಿತ್ತುಬಿಡಿ, ಬಾಗಿಲು ತೆಗೆದು ಖಾಲಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಒಳ್ಳೆಯ ಮಷಿನ್‌ನಲ್ಲಿ ನಯವಾಗಿ ತಿರುಗುತ್ತದೆ. ಕೈಯಲ್ಲಿ ತಿರುಗಿಸಿದಾಗಲೂ ಗರಗರ ಅಂದರೆ, ಅಥವಾ ಡ್ರಮ್ ಅಂಚು ಹಿಡಿದು ಮೇಲೆ ಕೆಳಗೆ ಎತ್ತಿದಾಗ ಲಡಬಡ ಅಂತ ಆಡಿದರೆ, ಅಲ್ಲೇ ಗೊತ್ತಾಯಿತು. ಅದನ್ನೂ ವಿಡಿಯೋ ಮಾಡಿ, ಹಿಂಡುವಾಗಿನ ಸದ್ದನ್ನೂ ವಿಡಿಯೋ ಮಾಡಿ. ಮಷಿನ್ ಮೇಲಿರುವ ಸೀರಿಯಲ್ ನಂಬರ್ ವಿಡಿಯೋದಲ್ಲಿ ಕಾಣಲಿ.

ಈಗ ಮುಖ್ಯ ವಿಷಯ. "ಸೆಟ್ ಆಗುತ್ತದೆ" ಅನ್ನುವುದು ಸುಳ್ಳು. ಹೊಸ ರಬ್ಬರ್ ವಾಸನೆ ಬರಬಹುದು, ಮೊದಲ ನೀರಿನಲ್ಲಿ ಕಾರ್ಖಾನೆಯ ಎಣ್ಣೆ ಜಿಡ್ಡು ಬರಬಹುದು, ಅವು ಹೋಗುತ್ತವೆ. ಬೇರಿಂಗ್ ಸದ್ದು ಓಡಿಸಿದಷ್ಟೂ ಜಾಸ್ತಿ ಆಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ಫೋನ್‌ನಲ್ಲಿ ಹಾಗೆ ಹೇಳಿಸುವುದು ದಿನ ದೂಡಲಿಕ್ಕೆ. ಬದಲಿ ಕೊಡುವ ಅವಧಿ ಮುಗಿದರೆ ಆಮೇಲೆ ಬರೀ ವಾರಂಟಿ ರಿಪೇರಿ ಉಳಿಯುತ್ತದೆ, ಅದು ಅವರಿಗೆ ಅನುಕೂಲ.

ಬೇರಿಂಗ್ ಬದಲಾಯಿಸುವುದು ಸಣ್ಣ ಕೆಲಸವೂ ಅಲ್ಲ. ಬಾಗಿಲಿನ ರಬ್ಬರು, ಮುಂದಿನ ತಗಡು, ಕಾಂಕ್ರೀಟ್ ತೂಕದ ಕಲ್ಲು, ಮೋಟಾರ್, ವೈರು ಎಲ್ಲಾ ಬಿಚ್ಚಿ ತೊಟ್ಟಿ ಹೊರಗೆ ತೆಗೆಯಬೇಕು. ಈಗಿನ ಬಹಳ ಮಾಡೆಲ್‌ಗಳಲ್ಲಿ ತೊಟ್ಟಿ ಎರಡು ಭಾಗವನ್ನು ಅಂಟಿಸಿಯೇ ಬಿಟ್ಟಿರುತ್ತಾರೆ, ಹಾಗಾಗಿ ತೊಟ್ಟಿ ಪೂರ್ತಿ ಹೊಸದು ತರಿಸಬೇಕು. ಒಳ್ಳೆ ಕೈ ಇದ್ದರೆ ಸರಿಯಾಗಿ ಕೂರುತ್ತದೆ. ತೋಟದ ಮನೆಯ ಬಚ್ಚಲಲ್ಲಿ, ಕರೆಂಟ್ ಹೋಗಿ ಬಂದು ಮಾಡುವಾಗ, ಇನ್ನೂ ಬೇರೆ ಕಾಲ್‌ಗಳಿಗೆ ಓಡಬೇಕಾದ ಹುಡುಗ ಮಾಡಿದರೆ ಹೇಗಾಗುತ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ. ಆ ಹುಡುಗರ ತಪ್ಪು ಅಲ್ಲ ಅದು, ಒಂದು ಕಾಲ್‌ಗೆ ಇಷ್ಟು ಅಂತ ಸಿಗುವ ದುಡ್ಡಿನಲ್ಲಿ ಅರ್ಧ ದಿನ ಒಂದೇ ಮನೆಯಲ್ಲಿ ಕೂರಲು ಆಗುವುದಿಲ್ಲ.

ಬಿಚ್ಚಲು ಬಿಡಬೇಡಿ. ಮೊದಲು ರಿಪೇರಿಗೆ ಬಂದವರು ತುಂಬುವ ಜಾಬ್ ಶೀಟ್‌ನಲ್ಲಿ "ಅಳವಡಿಸಿದ ದಿನದಿಂದ ಬೇರಿಂಗ್ ಸದ್ದು" ಅಂತ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ಚಿಕ್ಕಮಗಳೂರು ಅಂಗಡಿ:

ಮೇಡಂ, ನನ್ನದು ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ. ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಅಂಗಡಿಯವರ ಕಡೆಯಿಂದಲೂ ಸ್ವಲ್ಪ ಹೇಳುತ್ತೇನೆ.

ನಾವು ಬಯಸಿದರೂ ನಮ್ಮಷ್ಟಕ್ಕೆ ಬದಲಿ ಕೊಡಲು ಆಗುವುದಿಲ್ಲ. ಕಂಪನಿಯ ಟೆಕ್ನಿಷಿಯನ್ ಬಂದು ನೋಡಿ, ಬದಲಿಗೆ ಒಪ್ಪಿಗೆ ಹಾಕಿದರೆ ಮಾತ್ರ ಕಂಪನಿ ನಮಗೆ ಬೇರೆ ಪೀಸ್ ಕೊಡುತ್ತದೆ. ಇಲ್ಲದಿದ್ದರೆ ಆ ಮೂವತ್ತು ಸಾವಿರ ನಮ್ಮ ತಲೆ ಮೇಲೆ. ಸಣ್ಣ ಅಂಗಡಿಗೆ ಅಂಥದ್ದು ತಿಂಗಳಿಗೆ ಎರಡಾದರೆ ಲಾಭ ಎಲ್ಲಾ ಹೋಯಿತು.

ಇನ್ನೊಂದು, "ಹೊಸದು ಕೆಟ್ಟಿದೆ" ಅಂತ ಬರುವ ಫೋನ್‌ಗಳಲ್ಲಿ ಬಹಳಷ್ಟು ನಿಜವಾಗಿ ಕೆಟ್ಟಿರುವುದಿಲ್ಲ. ಮಿಕ್ಸಿ ಮೊದಲ ಸಲ ಓಡಿಸಿದಾಗ ಸುಟ್ಟ ವಾಸನೆ ಅನ್ನುತ್ತಾರೆ, ಅದು ಮೋಟಾರ್ ಸುರುಳಿಗೆ ಹಚ್ಚಿದ ವಾರ್ನಿಷ್ ಬಿಸಿಯಾಗುವ ವಾಸನೆ, ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ. ಮಿಕ್ಸಿ ನಿಂತೇ ಹೋಯಿತು ಅನ್ನುತ್ತಾರೆ, ಕೆಳಗೆ ಓವರ್‌ಲೋಡ್ ಸ್ವಿಚ್ ಎಗರಿರುತ್ತದೆ, ಒತ್ತಿದರೆ ಸರಿ. ಫ್ರಿಜ್ಜನ್ನು ಪಿಕಪ್‌ನಲ್ಲಿ ಮಲಗಿಸಿಕೊಂಡು ಹೋಗಿ ತಕ್ಷಣ ಪ್ಲಗ್ ಹಾಕುತ್ತಾರೆ, ಕಂಪ್ರೆಸರ್‌ನ ಎಣ್ಣೆ ಪೈಪಿಗೆ ಹರಿದಿರುತ್ತದೆ, ಕೆಲವು ಗಂಟೆ ನಿಲ್ಲಿಸಿಡಬೇಕು. ವಾಷಿಂಗ್ ಮಷಿನ್‌ಗೆ ನೀರಿನ ಒತ್ತಡ ಬೇಕು, ಬಹಳ ಮಾಡೆಲ್‌ಗಳಿಗೆ ಕನಿಷ್ಠ 0.3 ರಿಂದ 0.5 ಬಾರ್, ಅಂದರೆ ಟ್ಯಾಂಕ್‌ನ ನೀರು ನಲ್ಲಿಗಿಂತ 3 ರಿಂದ 5 ಮೀಟರ್ ಮೇಲಿರಬೇಕು. ಹೆಂಚಿನ ಮನೆಯಲ್ಲಿ ಬಚ್ಚಲ ಪಕ್ಕದ ಕಟ್ಟೆ ಮೇಲೆ ಸಿಂಟೆಕ್ಸ್ ಇಟ್ಟಿದ್ದರೆ ನೀರು ಬರುತ್ತಿಲ್ಲ ಅಂತ ಎರರ್ ತೋರಿಸುತ್ತದೆ. ಕರೆಂಟ್ ಕಥೆ ಹೇಳುವುದೇ ಬೇಡ. ಇರಬೇಕಾದ್ದು 230 ವೋಲ್ಟ್, ತೋಟದ ಲೈನ್‌ಗಳಲ್ಲಿ ಎಲ್ಲರ ಪಂಪ್ ಒಟ್ಟಿಗೆ ಓಡುವಾಗ ಎಲ್ಲಿಗೆ ಇಳಿಯುತ್ತದೆ ಅಂತ ನಿಮಗೇ ಗೊತ್ತು.

ಈಗಿನ ವಸ್ತುಗಳು ಹಳೇ ರೇಡಿಯೋ ತರ ಸರಳ ಅಲ್ಲ. ಸ್ವಲ್ಪ ಹೊಂದಿಸಿಕೊಳ್ಳುವುದು, ತಿಳಿದುಕೊಳ್ಳುವುದು ಗ್ರಾಹಕರ ಕಡೆಯಿಂದಲೂ ಬೇಕು. ನಿಮ್ಮ ಕೇಸಿನಲ್ಲಿ ಬೇಲೂರಿನವರು ಹೇಳಿದ ಹಾಗೆ ಕೈಯಲ್ಲಿ ತಿರುಗಿಸಿ ನೋಡಿ. ಬೇರಿಂಗ್ ಅಂತ ಖಚಿತವಾದರೆ ನಾನಾದರೂ ನನ್ನ ಗಿರಾಕಿಯ ಪರವಾಗಿ ಕಂಪನಿಯ ಹತ್ತಿರ ಜಗಳ ಆಡುತ್ತೇನೆ. ನಿಮ್ಮ ಅಂಗಡಿಯವರೂ ಆಡಬೇಕು, "ಕಂಪನಿಗೆ ಹೇಳಿ" ಅಂತ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಮೂಡಿಗೆರೆಯಿಂದ:

ಅಂಗಡಿ ಸರ್, ನೀವು ಹೇಳಿದ ಮಿಕ್ಸಿ, ಫ್ರಿಜ್ ವಿಷಯ ಎಲ್ಲಾ ನಿಜ. ಆದರೆ "ಗ್ರಾಹಕರು ಹೊಂದಿಸಿಕೊಳ್ಳಬೇಕು" ಅನ್ನುವ ಮಾತು ಒಪ್ಪಲು ಆಗುತ್ತಿಲ್ಲ. ಮನೆಯಲ್ಲಿ ನೀರಿನ ಒತ್ತಡ ಇಷ್ಟಿರಬೇಕು ಅಂತ ಮಾರುವ ಮೊದಲು ಯಾರು ಕೇಳುತ್ತಾರೆ? ಯಾವ ಅಂಗಡಿಯಲ್ಲೂ ನಮ್ಮನ್ನು ಕೇಳಿಲ್ಲ. ಬಣ್ಣ ಯಾವುದು ಬೇಕು, ಕಂತು ಎಷ್ಟು ತಿಂಗಳು, ಹೆಚ್ಚುವರಿ ವಾರಂಟಿ ಬೇಕಾ, ಇಷ್ಟೇ ಕೇಳುತ್ತಾರೆ. ಟ್ಯಾಂಕ್ ಎಲ್ಲಿದೆ ಅಂತ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ, ಅಲ್ವಾ?

ನಾನು ಎಂಜಿನಿಯರಿಂಗ್ ಓದಿದವನು. ಯಂತ್ರಗಳು ಯಾವಾಗ ಕೆಡುತ್ತವೆ ಅನ್ನುವುದಕ್ಕೆ ಒಂದು ಹಳೇ ಗ್ರಾಫ್ ಇದೆ, ಬಾತ್‌ಟಬ್ ಕರ್ವ್ ಅನ್ನುತ್ತಾರೆ. ಶುರುವಿನಲ್ಲಿ ಕೆಡುವುದು ಜಾಸ್ತಿ, ಆಮೇಲೆ ವರ್ಷಗಟ್ಟಲೆ ಕಡಿಮೆ, ಸವೆದ ಮೇಲೆ ಮತ್ತೆ ಜಾಸ್ತಿ. ಶುರುವಿನಲ್ಲಿ ಕೆಡುವುದಕ್ಕೆ ಕಾರಣ ಬಳಸಿದ್ದು ಅಲ್ಲ, ತಯಾರಿಸುವಾಗಲೇ ಉಳಿದ ದೋಷ: ಸರಿಯಾಗಿ ಕೂರದ ಬೇರಿಂಗ್, ಸರಿಯಾಗಿ ಹಿಡಿಯದ ಬೆಸುಗೆ. ಇದು ಕಂಪನಿಗಳಿಗೆ ಗೊತ್ತಿಲ್ಲದ ವಿಷಯವೇ ಅಲ್ಲ. ಇಂಥವು ಮನೆಗೆ ಹೋಗುವ ಮೊದಲೇ ಸಿಕ್ಕಿಬೀಳಲಿ ಅಂತಲೇ ಕಾರ್ಖಾನೆಯಲ್ಲಿ ಓಡಿಸಿ ನೋಡುವ ಪದ್ಧತಿ ಇರುವುದು, ಬರ್ನ್ ಇನ್ ಅನ್ನುತ್ತಾರೆ. ಅದಕ್ಕೆ ಸಮಯ, ಜಾಗ, ಕರೆಂಟ್ ಖರ್ಚಾಗುತ್ತದೆ. ಆ ಖರ್ಚು ಉಳಿಸಿದರೆ ಪರೀಕ್ಷೆ ಎಲ್ಲಿ ನಡೆಯುತ್ತದೆ? ಸಕಲೇಶಪುರದ ಅಮ್ಮನ ಬಚ್ಚಲಲ್ಲಿ. ದುಡ್ಡು ಕೊಟ್ಟವರೇ ಪರೀಕ್ಷೆ ಮಾಡುವವರೂ ಆಗಿಬಿಟ್ಟರು. ನನ್ನ ತಕರಾರು ಇದೊಂದೇ.

ದೊಡ್ಡ ದೊಡ್ಡವರಿಗೂ ಆಗುತ್ತದೆ, ಅದು ಬೇರೆ ಮಾತು. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್‌ಗಳ ಬ್ಯಾಟರಿಗೆ ಬೆಂಕಿ ಹತ್ತಿದ್ದು ನೆನಪಿರಬಹುದು. ಆಗಸ್ಟ್‌ನಲ್ಲಿ ಮಾರಾಟ ಶುರುವಾಯಿತು, ಸೆಪ್ಟೆಂಬರ್‌ನಲ್ಲಿ ವಾಪಸ್ ಕರೆದರು, ಬದಲಿ ಕೊಟ್ಟ ಫೋನ್‌ಗಳಿಗೂ ಅದೇ ಆಗಿ ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ಅಲ್ಲಿ ಯಾರೂ ಗ್ರಾಹಕರಿಗೆ ಸ್ವಲ್ಪ ದಿನ ಬಳಸಿ ನೋಡಿ ಅನ್ನಲಿಲ್ಲ, ಯಾಕೆಂದರೆ ಬೆಂಕಿ. ಸದ್ದು ಮಾಡುವ ಮಷಿನ್‌ನಿಂದ ಯಾರಿಗೂ ಏನೂ ಆಗುವುದಿಲ್ಲ, ಅದಕ್ಕೇ ಯಾರಿಗೂ ಅವಸರ ಇಲ್ಲ.

ಸಾಫ್ಟ್‌ವೇರ್ ಬಂದ ಮೇಲಂತೂ ಇದು ಇನ್ನೂ ಜಾಸ್ತಿಯಾಗಿದೆ. ನಮ್ಮ ಮನೆಗೆ ಸ್ಮಾರ್ಟ್ ಟಿವಿ ಬಂದಾಗ ಆನ್ ಮಾಡಿದ ತಕ್ಷಣ ವೈಫೈ ಕೇಳಿತು, ಅಕೌಂಟ್ ಕೇಳಿತು, ಆಮೇಲೆ ಅಪ್‌ಡೇಟ್ ಅಂತ ಕೂತಿತು. ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದೇ ಗೇಟಿನ ಹತ್ತಿರ. ಅಜ್ಜ ವಾರ್ತೆ ನೋಡಲು ಕಾಯುತ್ತಾ ಕೂತಿದ್ದರು. ಕೊನೆಗೆ ಎಲ್ಲವನ್ನೂ ಸ್ಕಿಪ್ ಮಾಡಿ ಸೆಟ್ ಟಾಪ್ ಬಾಕ್ಸ್ ವೈರ್ ಹಾಕಿದ ಮೇಲೆ ಚಿತ್ರ ಬಂತು, ಆದರೆ ಸ್ಕಿಪ್ ಅನ್ನುವ ಅಕ್ಷರ ಮೂಲೆಯಲ್ಲಿ ಎಷ್ಟು ಸಣ್ಣಗಿತ್ತು ಅಂದರೆ ಅಜ್ಜನಿಗಾಗಲಿ ಅಜ್ಜಿಗಾಗಲಿ ಕಾಣುವ ಹಾಗಿರಲಿಲ್ಲ. ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್ ತೆಗೆದುಕೊಂಡವರು ನೋಡಿ, ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರಿಕೊಳ್ಳುತ್ತವೆ, 5 ಗಿಗಾಹರ್ಟ್ಸ್‌ಗೆ ಸೇರುವುದಿಲ್ಲ. ಡಬ್ಬದ ಮೇಲೆ ಅದು ಇರುವೆಯಷ್ಟು ಅಕ್ಷರದಲ್ಲಿರುತ್ತದೆ. ಇಂಟರ್ನೆಟ್ ಇಲ್ಲದ ಮನೆಯಲ್ಲೂ ಟಿವಿ ಟಿವಿಯಾಗಿ ಕೆಲಸ ಮಾಡಬೇಕು, ಬಲ್ಬು ಬಲ್ಬಾಗಿ ಉರಿಯಬೇಕು. ಮಿಕ್ಕಿದ್ದೆಲ್ಲಾ ಆಮೇಲೆ.

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ: ಬದಲಿಯನ್ನೇ ಕೇಳಿ.

ಚಿಕ್ಕಮಗಳೂರು ಅಂಗಡಿ:

ಟ್ಯಾಂಕ್ ಎಲ್ಲಿದೆ ಅಂತ ಕೇಳಬೇಕು ಅನ್ನುವ ಮಾತು ಒಪ್ಪಿದೆ. ಟಿವಿ ಆದರೆ ನಾವು ಅಂಗಡಿಯಲ್ಲೇ ಡಬ್ಬ ಬಿಚ್ಚಿ, ಚಿತ್ರ ತೋರಿಸಿ, ಗಾಜು ನೋಡಿಸಿಯೇ ಕಳಿಸುತ್ತೇವೆ. ವಾಷಿಂಗ್ ಮಷಿನ್‌ಗೆ ಅದು ಆಗುವುದಿಲ್ಲ, ನೀರು ಬೇಕು, ಬೋಲ್ಟ್ ತೆಗೆದು ಮತ್ತೆ ಹಾಕಬೇಕು. ಹಾಗಾಗಿ ಮನೆಯಲ್ಲಿ ಫಿಟ್ ಮಾಡುವವರು ಖಾಲಿ ಡ್ರಮ್ ತಿರುಗಿಸಿ ಹೋಗುವ ಬದಲು ಬಟ್ಟೆ ಹಾಕಿಸಿ ಒಂದು ಪೂರ್ತಿ ಹಿಂಡಿಸಿ ತೋರಿಸಿದರೆ ಎಲ್ಲರಿಗೂ ಒಳ್ಳೆಯದು.

ಹಾಸನ ಗ್ರಾಹಕ:

ತಂಗಿ, ನಾನು ನಿವೃತ್ತ ಮೇಷ್ಟ್ರು, ಹಾಸನದಲ್ಲೇ ಇರುವುದು. ಸುತ್ತಮುತ್ತಲಿನವರಿಗೆ ಗ್ರಾಹಕರ ದೂರು ಬರೆದುಕೊಡುತ್ತಿರುತ್ತೇನೆ. ಕಾನೂನಿನ ಕಡೆಯಿಂದ ನಿಮಗೆ ಎಷ್ಟು ಬಲ ಇದೆ ಅಂತ ಹೇಳುತ್ತೇನೆ.

ಈಗ ಜಾರಿಯಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಗೆ ಬಂತು. ಅದಕ್ಕೆ ಮೊದಲು 1986ರದ್ದಿತ್ತು. ಹೊಸ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತ ಒಂದು ಪಟ್ಟಿ ಇದೆ. ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ನಿರಾಕರಿಸುವುದು ಆ ಪಟ್ಟಿಯಲ್ಲಿದೆ. ಬಿಲ್‌ನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ. ಅದಕ್ಕೇ ಮೊದಲು ನಿಮ್ಮ ಬಿಲ್ ತೆಗೆದು ಏನು ಬರೆದಿದೆ ನೋಡಿ. ಬಹಳ ಅಂಗಡಿಗಳ ಬಿಲ್ ಕೆಳಗೆ "ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ" ಅಂತ ಅಚ್ಚು ಹಾಕಿಸಿರುತ್ತಾರೆ. ಅದನ್ನು ಓದಿ ಹೆದರಬೇಡಿ. ಬಣ್ಣ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡುವುದು ಬೇರೆ, ಕೆಟ್ಟ ವಸ್ತು ವಾಪಸ್ ಕೊಡುವುದು ಬೇರೆ. ಬಿಲ್‌ನಲ್ಲಿ ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಕಾಯ್ದೆ ಕೊಟ್ಟ ಹಕ್ಕು ಹೋಗುವುದಿಲ್ಲ.

ಈಗಲೇ ಮಾಡಬೇಕಾದ್ದು ಬರವಣಿಗೆ. ಫೋನ್ ಮಾತಿಗೆ ಸಾಕ್ಷಿ ಇರುವುದಿಲ್ಲ. ಅಂಗಡಿಗೂ ಕಂಪನಿಗೂ ಒಂದೇ ಇಮೇಲ್ ಕಳಿಸಿ: ಯಾವ ದಿನ ಕೊಂಡಿದ್ದು, ಯಾವ ದಿನ ಫಿಟ್ ಮಾಡಿದ್ದು, ಮೊದಲ ಬಳಕೆಯಿಂದಲೇ ಸದ್ದು, ದೂರಿನ ನಂಬರ್, ರಿಪೇರಿ ಬೇಡ ಬದಲಿ ಬೇಕು, ಇಲ್ಲವೇ ದುಡ್ಡು ವಾಪಸ್ ಬೇಕು. ಕೋಪದ ಮಾತು ಒಂದೂ ಬೇಡ. ಬೇಲೂರಿನವರು ಹೇಳಿದ ವಿಡಿಯೋ, ಬಿಲ್ ಲಗತ್ತಿಸಿ.

ಅದಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಅವರಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಆದರೂ ಕಸ್ಟಮರ್ ಕೇರ್ ಹುಡುಗಿಯ ಮಟ್ಟದಲ್ಲಿ ಸಿಕ್ಕಿಕೊಂಡಿದ್ದ ವಿಷಯ ಮೇಲಿನವರ ಕಣ್ಣಿಗೆ ಬೀಳುತ್ತದೆ. ಬಹಳ ಕಡೆ ಇಷ್ಟರಲ್ಲೇ ಬಗೆಹರಿದಿದ್ದು ನೋಡಿದ್ದೇನೆ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ, ಅಂದರೆ ಜನ ಗ್ರಾಹಕರ ಕೋರ್ಟು ಅನ್ನುವುದು. 5 ಲಕ್ಷದೊಳಗಿನ ವಸ್ತುವಿಗೆ ದೂರು ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ, ನೀವೇ ಮಾತಾಡಬಹುದು. ಆನ್‌ಲೈನ್‌ನಲ್ಲೂ ಹಾಕಬಹುದು, ಅದಕ್ಕೆ ಮೊದಲು ಇ-ದಾಖಿಲ್ ಅನ್ನುವ ಸರ್ಕಾರಿ ವೆಬ್‌ಸೈಟ್ ಇತ್ತು, 2025ರಿಂದ ಇ-ಜಾಗೃತಿ. ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಕಚೇರಿ ಯಾವ ಊರಲ್ಲಿದ್ದರೂ ನೀವು ಅಲ್ಲಿಗೆ ಹೋಗಬೇಕಾಗಿಲ್ಲ. ಹಳೇ ಕಾಯ್ದೆಯಲ್ಲಿ ಇದು ಇರಲಿಲ್ಲ, ನನ್ನ ಪ್ರಕಾರ ಸಣ್ಣ ಊರಿನವರಿಗೆ ಹೊಸ ಕಾಯ್ದೆಯಿಂದ ಆದ ದೊಡ್ಡ ಉಪಯೋಗ ಇದೇ. ತೊಂದರೆ ಶುರುವಾಗಿ 2 ವರ್ಷದೊಳಗೆ ದೂರು ಹಾಕಬೇಕು. ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಬೇಕಾದರೆ ಇನ್ನೂ 15 ದಿನ. ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಅಗತ್ಯ ಇಲ್ಲದಿದ್ದರೆ 3 ತಿಂಗಳು, ಇದ್ದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಎಳೆಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ದೋಷ ಸಾಬೀತಾದರೆ ಸರಿಪಡಿಸಿ ಕೊಡಿ, ಬದಲಿ ಕೊಡಿ, ದುಡ್ಡು ವಾಪಸ್ ಕೊಡಿ, ಪರಿಹಾರ ಕೊಡಿ, ಇದರಲ್ಲಿ ಯಾವುದನ್ನಾದರೂ ಆಯೋಗ ಆದೇಶ ಮಾಡಬಹುದು. ಬದಲಿಯೇ ಕೊಡಬೇಕು ಅಂತ ನಿಯಮ ಇಲ್ಲ. ಅದಕ್ಕೇ ಮೊದಲ ದಿನದಿಂದಲೇ ಹೀಗಿತ್ತು ಅನ್ನುವುದಕ್ಕೆ ಕಾಗದ ಬೇಕು.

ಬಿಲ್ ನಿಮ್ಮ ಹೆಸರಲ್ಲಿದ್ದು ಬಳಸುವವರು ನಿಮ್ಮ ತಾಯಿ ಆದರೂ ತೊಂದರೆ ಇಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ.

ಕೊಪ್ಪದ ತೋಟ:

ಮೇಷ್ಟ್ರೇ, ಮಧ್ಯದಲ್ಲಿ ಒಂದು ಪ್ರಶ್ನೆ. ಔಷಧಿ ಹೊಡೆಯಲು ಬ್ಯಾಟರಿ ಸ್ಪ್ರೇಯರ್ ತಂದಿದ್ದೆವು, ಮೊದಲ ದಿನವೇ ಚಾರ್ಜ್ ನಿಲ್ಲುತ್ತಿಲ್ಲ. ಮಳೆ ಬಿಟ್ಟ ಹೊತ್ತು ನೋಡಿ ಹೊಡೆಯಬೇಕು, ಆಳು ಸಿಕ್ಕ ದಿನ ಹೊಡೆಯಬೇಕು, ಅವತ್ತು ಅದು ಕೈ ಕೊಟ್ಟರೆ ಆ ದಿನದ ಕೂಲಿಯೂ ಹೋಯಿತು. ಅಂಗಡಿಯವರು "ಇದು ವ್ಯವಹಾರಕ್ಕೆ ತಂದಿದ್ದು, ಗ್ರಾಹಕರ ಕೋರ್ಟಿಗೆ ಬರುವುದಿಲ್ಲ" ಅನ್ನುತ್ತಾರೆ. ಹೌದಾ?

ಹಾಸನ ಗ್ರಾಹಕ:

ಹಾಗೆ ಹೇಳಿ ವಾಪಸ್ ಕಳಿಸುವುದು ಮಾಮೂಲಿ. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತು ಕಾಯ್ದೆಗೆ ಬರುವುದಿಲ್ಲ ಅನ್ನುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತ ತಾವೇ ಬಳಸಲು ಕೊಂಡಿದ್ದರೆ ಅದನ್ನು ವಾಣಿಜ್ಯ ಉದ್ದೇಶ ಅಂತ ಲೆಕ್ಕ ಹಾಕುವಂತಿಲ್ಲ, ಇದೂ ಅದೇ ಕಾಯ್ದೆಯಲ್ಲಿದೆ. ನೀವೇ ನೋಡಿಕೊಳ್ಳುವ ಸಣ್ಣ ತೋಟ ಆದರೆ ಧೈರ್ಯವಾಗಿ ದೂರು ಬರೆಯಿರಿ. ಆಳಿನ ಕೂಲಿ ನಷ್ಟ ಆಗಿದ್ದನ್ನೂ ಬರೆಯಿರಿ, ಪರಿಹಾರ ಕೇಳಲು ಅದು ಬೇಕು.

ಸಕಲೇಶಪುರದ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ.

ಊರಿಗೆ ಹೋಗಿದ್ದೆ. ಬೋಲ್ಟ್ ಎಲ್ಲಾ ತೆಗೆದಿದ್ದಾರೆ, ಮುಚ್ಚಳ ಹಾಕಿದ್ದಾರೆ. ಪ್ಲಗ್ ಕಿತ್ತು ಡ್ರಮ್ ಕೈಯಲ್ಲಿ ತಿರುಗಿಸಿದೆ, ಗರಗರ ಅಂತ ಸ್ಪಷ್ಟವಾಗಿ ಕೇಳಿಸಿತು. ವಿಡಿಯೋ ಮಾಡಿದೆ. ಬಿಲ್‌ನಲ್ಲಿ ವಾಪಸ್ ಅವಧಿ ಏನೂ ಬರೆದಿಲ್ಲ, ಹಾಗಾಗಿ ಮೇಷ್ಟ್ರು ಹೇಳಿದ 30 ದಿನ ಇನ್ನೂ ಮುಗಿದಿರಲಿಲ್ಲ. ಇಮೇಲ್ ಕಳಿಸಿದೆ, ಅದರ ಬೆನ್ನಿಗೇ 1915ಕ್ಕೂ ದೂರು ಕೊಟ್ಟೆ.

ಪಾರ್ಟ್ ತೆಗೆದುಕೊಂಡು ಬಂದ ಹುಡುಗನಿಗೆ ಅಮ್ಮ ಕಾಫಿ ಕೊಟ್ಟು ಕೂರಿಸಿದರು, ಆದರೆ ಮಷಿನ್ ಬಿಚ್ಚಲು ಬಿಡಲಿಲ್ಲ. ಜಾಬ್ ಶೀಟ್‌ನಲ್ಲಿ ಬರೆಯಪ್ಪ ಅಂದರು. ಅವನು ಯಾರಿಗೋ ಫೋನ್ ಮಾಡಿ, ಹಿಂದೆ ಮುಂದೆ ನೋಡಿ, ಕೊನೆಗೆ ಬರೆದುಕೊಟ್ಟ. ಪಾಪ, ಅವನಿಗೂ ಮೇಲಿನವರ ಹೆದರಿಕೆ ಇತ್ತು ಅನಿಸುತ್ತದೆ.

ಆಮೇಲೆ ಕಂಪನಿಯ ಏರಿಯಾ ಮ್ಯಾನೇಜರ್ ಅಂತ ಒಬ್ಬರು ಫೋನ್ ಮಾಡಿದರು. ಮೊದಲು ವಾರಂಟಿಯನ್ನು ಒಂದು ವರ್ಷ ಜಾಸ್ತಿ ಮಾಡುತ್ತೇವೆ, ರಿಪೇರಿಗೆ ಒಪ್ಪಿಕೊಳ್ಳಿ ಅಂದರು. ಬೇಡ ಅಂದೆ. ಹೊಸದು ಅಂತ ಮಾರಿದ ಮೇಲೆ ಹೊಸದೇ ಕೊಡಿ, ಜಾಸ್ತಿ ಏನೂ ಕೇಳುತ್ತಿಲ್ಲ ಅಂದೆ. ಈಗ ಬದಲಿಗೆ ಒಪ್ಪಿ ಮೇಲ್ ಕಳಿಸಿದ್ದಾರೆ. ಅದೇ ಮಾಡೆಲ್ ಬರುತ್ತದೆ, ಇನ್ನೂ ಬಂದಿಲ್ಲ. ಅಂಗಡಿ ಸರ್ ಹೇಳಿದ ಹಾಗೆ ಈ ಸಲ ಬಟ್ಟೆ ಹಾಕಿ ಪೂರ್ತಿ ಹಿಂಡಿಸಿ ನೋಡಿದ ಮೇಲೆಯೇ ಓಟಿಪಿ ಕೊಡುವುದು ಅಂತ ಅಮ್ಮನಿಗೆ ಹೇಳಿಟ್ಟಿದ್ದೇನೆ. ನೀರಿನ ಟ್ಯಾಂಕ್ ಮನೆ ಹಿಂದಿನ ದಿಣ್ಣೆ ಮೇಲಿದೆ, ಒತ್ತಡಕ್ಕೆ ತೊಂದರೆ ಇಲ್ಲ. ಬದಲಿ ತೆಗೆದುಕೊಳ್ಳುವಾಗ ಇನ್ನೇನಾದರೂ ನೋಡಬೇಕಾ?

ಬೇಲೂರು ರಿಪೇರಿ:

ಒಳ್ಳೆ ಕೆಲಸ ಆಯಿತು ಅಕ್ಕ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬರುವ ಡಬ್ಬದ ಸೀಲ್ ಒಡೆದಿರಬಾರದು. ಬಿಚ್ಚುವಾಗ ನೀವೇ ನಿಂತು ವಿಡಿಯೋ ಮಾಡಿ. ಟ್ರಾನ್ಸಿಟ್ ಬೋಲ್ಟ್ ಹಿಂದೆ ಬಿಗಿದೇ ಇರಬೇಕು, ಇಲ್ಲದಿದ್ದರೆ ಅದು ಎಲ್ಲೋ ಒಮ್ಮೆ ಓಡಿಸಿದ ಮಷಿನ್. ಸೋಪು ಹಾಕುವ ಡಬ್ಬಿ ಎಳೆದು ನೋಡಿ, ಬಾಗಿಲ ರಬ್ಬರಿನ ಮಡಿಕೆಯಲ್ಲಿ ಬೆರಳು ಹಾಕಿ ನೋಡಿ, ಸೋಪಿನ ಕಲೆ, ಕೂದಲು, ನೂಲು ಸಿಕ್ಕರೆ ಬೇರೆಯವರ ಮನೆಯಿಂದ ಬಂದಿದ್ದು. ಸ್ವಲ್ಪ ನೀರಿನ ಪಸೆ ಇದ್ದರೆ ಗಾಬರಿ ಬೇಡ, ಕಾರ್ಖಾನೆಯಲ್ಲಿ ನೀರು ಹಾಕಿ ಪರೀಕ್ಷೆ ಮಾಡಿದ್ದು ಉಳಿದಿರುತ್ತದೆ.

ಕೆಟ್ಟ ಮಷಿನ್ ವಾಪಸ್ ಕೊಡುವಾಗ ಅದರ ಬೋಲ್ಟ್‌ಗಳನ್ನು ಅವರ ಕೈಯಲ್ಲೇ ಹಾಕಿಸಿ, ಕೊಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಇನ್ನೊಂದು ಮರೆಯಬೇಡಿ. ನಿಮ್ಮ ಬಿಲ್‌ನಲ್ಲಿರುವುದು ಹಳೇ ಸೀರಿಯಲ್ ನಂಬರ್. ಹೊಸ ನಂಬರ್ ಹಾಕಿದ ಬಿಲ್ ಅಥವಾ ಬದಲಿ ಕೊಟ್ಟಿದ್ದೇವೆ ಅಂತ ಪತ್ರ ಅಂಗಡಿಯಿಂದ ಬರೆಸಿಕೊಳ್ಳಿ, ವಾರಂಟಿ ಯಾವ ದಿನದಿಂದ ಅಂತಲೂ ಅದರಲ್ಲಿರಲಿ. ಇಲ್ಲದಿದ್ದರೆ ಮುಂದೆ ಏನಾದರೂ ಆಗಿ ಕಂಪನಿಗೆ ಫೋನ್ ಮಾಡಿದಾಗ ಈ ನಂಬರಿನ ಮಷಿನ್ ನಿಮ್ಮ ಹೆಸರಲ್ಲಿ ಇಲ್ಲ ಅನ್ನುತ್ತಾರೆ.